ವೆಸ್ಟ್ರೇ ಇಂದ ಪಾಪಾ ವೆಸ್ಟ್ರೇಗೆ ವಿಮಾನ: 2.7 ಕಿಲೋಮೀಟರ್, 2 ನಿಮಿಷ, ಅಪ್ಪನ ಎಚ್‌ಎಂಟಿ ವಾಚು

ಸ್ಕಾಟ್ಲೆಂಡಿನ ವೆಸ್ಟ್ರೇ ದ್ವೀಪದಿಂದ ಪಕ್ಕದ ಪಾಪಾ ವೆಸ್ಟ್ರೇ ದ್ವೀಪಕ್ಕೆ ವಿಮಾನದಲ್ಲಿ ಎಷ್ಟು ಹೊತ್ತಾಗತ್ತೆ ಅಂತ ನೆಟ್ಟಲ್ಲಿ ಹುಡುಕಿದೆ, ಎರಡು ಏರ್‌ಪೋರ್ಟ್ ಹೆಸರು ಹಾಕಿದ್ರೆ ದೂರ, ಟೈಮು ಎರಡೂ ಹೇಳೋ ವೆಬ್‌ಸೈಟ್ ಒಂದು ಸಿಕ್ತು, ಅದ್ರಲ್ಲಿ ಬಂದ ಉತ್ತರ ಅರ್ಧ ಗಂಟೆ. ಅಪ್ಪ ಪಕ್ಕದಲ್ಲೇ ಕೂತಿದ್ರು, ದೂರ ಎಷ್ಟಂತೆ ಅಂದ್ರು, 2.7 ಕಿಲೋಮೀಟರ್ ಅಂದೆ, "ಅರ್ಧ ಗಂಟೆ ಇದ್ರೆ ನಾನು ನಡ್ಕಂಡೇ ಹೋಗ್ತಿನಲ್ಲ ಮಾರಾಯ್ತಿ" ಅಂದ್ರು. ನಡ್ಕೊಂಡು ಹೋಗಕ್ಕೆ ಆಗಲ್ಲ, ಮಧ್ಯೆ ಸಮುದ್ರ ಇದೆ. ಆದ್ರೆ ಅರ್ಧ ಗಂಟೆ ಅನ್ನೋದಂತೂ ಶುದ್ಧ ತಪ್ಪು. ಈ ಥರ ವೆಬ್‌ಸೈಟುಗಳು ಮಾಡೋದು ಇಷ್ಟೇ, ಎರಡು ಊರಿನ ಅಕ್ಷಾಂಶ ರೇಖಾಂಶ ತಗೊಂಡು ನೇರ ದೂರ ಲೆಕ್ಕ ಹಾಕ್ತವೆ, ಅದನ್ನ ದೊಡ್ಡ ಜೆಟ್ ವಿಮಾನದ ಸ್ಪೀಡಿಗೆ ಭಾಗಿಸ್ತವೆ, ಏರಕ್ಕೆ ಇಳಿಯಕ್ಕೆ ಅಂತ ಮೇಲೊಂದು ಅರ್ಧ ಗಂಟೆ ಕೂಡಿಸ್ತವೆ. ಲಂಡನ್ನಿಂದ ಬೆಂಗಳೂರಿಗಾದ್ರೆ ಹೆಚ್ಚುಕಮ್ಮಿ ಸರಿ ಬರತ್ತೆ. ಇಲ್ಲಿ ಹಾರೋದು ಹನ್ನೆರಡು ಸೆಕೆಂಡು, ಏರಿ ಇಳಿಯೋದು ಅರ್ಧ ಗಂಟೆ ಅನ್ನೋ ಲೆಕ್ಕ ಬಂದುಬಿಡತ್ತೆ!

ಟೈಮ್‌ಟೇಬಲ್ ಪ್ರಕಾರ ಈ ಫ್ಲೈಟಿಗೆ 2 ನಿಮಿಷ. ಟೈಮ್‌ಟೇಬಲ್ ಹಾಕಿ ಟಿಕೆಟ್ ಕೊಟ್ಟು ಓಡಿಸೋ ವಿಮಾನ ಪ್ರಯಾಣಗಳಲ್ಲಿ ಪ್ರಪಂಚದಲ್ಲೇ ಅತಿ ಚಿಕ್ಕದು ಇದೇ. ಸ್ಕಾಟ್ಲೆಂಡ್ ಉತ್ತರಕ್ಕಿರೋ ಆರ್ಕ್ನಿ ದ್ವೀಪಗಳಲ್ಲಿ 1967ರಿಂದ ಲೋಗನ್‌ಏರ್ ಓಡಿಸ್ತಾ ಇದೆ. ದೂರ ಎಷ್ಟು ಕಡಿಮೆ ಅಂತ ನಮ್ಮವರಿಗೆ ಗೊತ್ತಾಗಬೇಕು ಅಂದ್ರೆ, ಬೆಂಗಳೂರು ಏರ್‌ಪೋರ್ಟಿನ ರನ್‌ವೇ ಒಂದೊಂದೂ ಸುಮಾರು 4,000 ಮೀಟರ್ ಉದ್ದ ಇದೆ. ಅಂದ್ರೆ ಈ ವಿಮಾನ ಒಂದು ದ್ವೀಪದಿಂದ ಹೊರಟು ಇನ್ನೊಂದು ದ್ವೀಪ ಮುಟ್ಟೋದು, ದೇವನಹಳ್ಳಿ ರನ್‌ವೇಯ ಒಂದು ತುದಿಯಿಂದ ಇನ್ನೊಂದು ತುದಿ ತನಕ ಹೋಗೋದಕ್ಕಿಂತ ಕಡಿಮೆ ದೂರ.

ನಾನು ಅಬರ್ಡೀನ್‌ನಲ್ಲಿರೋದು. 2025ರ ಜೂನ್‌ನಲ್ಲಿ ಅಪ್ಪ ಊರಿಂದ ಬಂದಿದ್ರು, ನಮ್ಮೂರು ಸಾಗರ ತಾಲೂಕು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ಅಪ್ಪ ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು, ಸಾಗರದಿಂದ ಬಂದು ಹೊಳೆಬಾಗಿಲಲ್ಲಿ ಬಸ್ಸನ್ನೇ ಲಾಂಚಿಗೆ ಹತ್ತಿಸ್ಕೊಂಡು ಆಚೆ ದಡ ಸೇರೋ ರೂಟು. ಅದಕ್ಕೇ ಲಂಡನ್ ಐ, ಎಡಿನ್‌ಬರ ಕೋಟೆ ಇವೆಲ್ಲಕ್ಕಿಂತ ಈ ವಿಮಾನ ತೋರಿಸಬೇಕು ಅಂತ ನನಗಿತ್ತು. ಅಪ್ಪಂಗೆ ಇದು ಅರ್ಥ ಆಗತ್ತೆ ಅಂತ ಗೊತ್ತಿತ್ತು.

ಹೋದ ದಾರಿ ಹೇಳ್ತೀನಿ, ಯಾಕಂದ್ರೆ 2 ನಿಮಿಷದ ವಿಮಾನ ಹತ್ತಕ್ಕೆ ಬೇಕಾಗೋ ಟೈಮನ್ನ ಯಾರೂ ಬರೆಯಲ್ಲ. ಅಬರ್ಡೀನಿಂದ ಸಂಜೆ 5ಕ್ಕೆ ದೊಡ್ಡ ಹಡಗು, ಆರು ಗಂಟೆ ಪ್ರಯಾಣ, ರಾತ್ರಿ 11ಕ್ಕೆ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್. (ವಿಮಾನದಲ್ಲೂ ಹೋಗಬಹುದು, ಒಂದು ಗಂಟೆ ಒಳಗೆ, ಆದ್ರೆ ಅಪ್ಪಂಗೆ ಹಡಗು ಬೇಕಿತ್ತು.) ಅಲ್ಲಿ ಉಳಿದು ಮಾರನೇ ದಿನ ಕರ್ಕ್‌ವಾಲ್‌ನಿಂದ ಇನ್ನೊಂದು ಹಡಗಲ್ಲಿ ವೆಸ್ಟ್ರೇಯ ರ‍್ಯಾಪ್‌ನೆಸ್ ಧಕ್ಕೆಗೆ, ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬಸ್ಸಲ್ಲಿ ಪಿಯರೋವಾಲ್ ಅನ್ನೋ ಊರಿಗೆ. ವೆಸ್ಟ್ರೇಯಲ್ಲಿ ಒಂದು ರಾತ್ರಿ. ಅಲ್ಲಿನ ಹೆರಿಟೇಜ್ ಸೆಂಟರ್‌ನಲ್ಲಿ 2009ರಲ್ಲಿ ಸಿಕ್ಕ ಒಂದು ಪುಟಾಣಿ ಕಲ್ಲಿನ ಗೊಂಬೆ ಇದೆ, ವೆಸ್ಟ್ರೇ ವೈಫ್ ಅಂತ ಕರೀತಾರೆ, ಹೆಬ್ಬೆರಳಿನಷ್ಟೂ ಇಲ್ಲ, ಕಣ್ಣು ಹುಬ್ಬು ಗೀಚಿದ್ದು ಕಾಣತ್ತೆ, ಸುಮಾರು ಐದು ಸಾವಿರ ವರ್ಷ ಹಳೇದು. ನೋಡ್ಲೇಬೇಕು. ಇಷ್ಟೆಲ್ಲ ಆದ್ಮೇಲೆ ಮೂರನೇ ದಿನ ಬೆಳಿಗ್ಗೆ ನಮ್ಮ 2 ನಿಮಿಷ.

ಕರ್ಕ್‌ವಾಲ್‌ನಿಂದಲೇ ವಿಮಾನ ಹತ್ತಿ ಬರೋದು ಸುಲಭದ ದಾರಿ. ಕರ್ಕ್‌ವಾಲ್ ಟು ವೆಸ್ಟ್ರೇ 44 ಕಿಲೋಮೀಟರ್ ಹತ್ತಿರ, ಕಾಲು ಗಂಟೆ. ಕೆಲವು ಟ್ರಿಪ್ಪುಗಳು ವೆಸ್ಟ್ರೇಯಲ್ಲಿ ಇಳಿದು ಆಮೇಲೆ ಪಾಪಾ ವೆಸ್ಟ್ರೇಗೆ ಹೋಗ್ತವೆ, ಕೆಲವು ನೇರ ಹೋಗ್ತವೆ, ಬುಕ್ ಮಾಡೋವಾಗ ಇದೊಂದನ್ನ ಸರಿಯಾಗಿ ನೋಡ್ಕೊಳಿ. ದಿನ ಬದಲಾದ ಹಾಗೆ ರೂಟೂ ಬದಲಾಗತ್ತೆ. ಸೀಟು ಇರೋದೇ ಎಂಟು, ಬೇಸಿಗೆಯಲ್ಲಿ ನಮ್ಮಂಥ ನೋಡೋಕ್ ಬಂದವರಿಂದಲೇ ತುಂಬಿಹೋಗತ್ತೆ.

ವೆಸ್ಟ್ರೇ ಏರ್‌ಪೋರ್ಟು ಅಂದ್ರೆ ದ್ವೀಪದ ಉತ್ತರದ ತುದಿಯಲ್ಲಿ ಹುಲ್ಲುಗಾವಲು, ಬೇಲಿ ಆಚೆ ದನ, ಒಂದು ಚಿಕ್ಕ ಕಟ್ಟಡ, ಗಾಳಿ ಯಾವ ಕಡೆಯಿಂದ ಅಂತ ತೋರಿಸೋ ಬಟ್ಟೆ ಚೀಲ ಕಂಬದ ಮೇಲೆ. ಕೆಲಸದಲ್ಲಿದ್ದವರು ಆ ಊರಿನವರೇ. ಬೆಂಕಿ ಆರಿಸೋ ಡ್ರೆಸ್ ಹಾಕ್ಕೊಂಡು ಗಾಡಿ ಪಕ್ಕ ನಿಂತಿದ್ದವರೇ ವಿಮಾನ ಬಂದಮೇಲೆ ಲಗೇಜನ್ನೂ ಎತ್ತಿಟ್ರು, ಅಪ್ಪನ ಕೈಹಿಡಿದು ಮೆಟ್ಟಿಲೂ ಹತ್ತಿಸಿದ್ರು. ನಮ್ಮ ತೂಕ ಕೇಳಿದ್ರು, ಯಾರು ಎಲ್ಲಿ ಕೂರಬೇಕು ಅಂತ ಅವರೇ ಹೇಳಿದ್ರು, ಚಿಕ್ಕ ವಿಮಾನ ಅಲ್ವಾ, ತೂಕ ಸಮ ಆಗಬೇಕು. ಲಾಂಚಲ್ಲಿ ಬಸ್ಸು ಮಧ್ಯೆ, ಕಾರು ಈ ಕಡೆ ಎರಡು ಆ ಕಡೆ ಎರಡು ಅಂತ ನಿಲ್ಲಿಸ್ತಿದ್ದದ್ದು ನೋಡಿದವರಿಗೆ ಇದು ಹೊಸದೇನಲ್ಲ, ಅಪ್ಪ ಏನೂ ಕೇಳದೆ ಹೇಳಿದ ಕಡೆ ಹೋಗಿ ಕೂತ್ರು.

ವಿಮಾನದ ಹೆಸರು ಬ್ರಿಟನ್-ನಾರ್ಮನ್ ಐಲ್ಯಾಂಡರ್. 1965ರಲ್ಲಿ ಮೊದಲು ಹಾರಿದ ಡಿಸೈನು, ರೂಪಿಸಿದ್ದು ಐಲ್ ಆಫ್ ವೈಟ್ ಅನ್ನೋ ದ್ವೀಪದಲ್ಲೇ. ಎರಡು ಪ್ರೊಪೆಲ್ಲರ್ ಇಂಜಿನ್, ರೆಕ್ಕೆ ತಲೆ ಮೇಲೆ, ಚಕ್ರ ಒಳಗೆ ಮಡಚ್ಕೊಳಲ್ಲ, ಹಂಗೇ ಕೆಳಗೆ ನಿಂತಿರತ್ತೆ. ಅರ್ಧ ಕಿಲೋಮೀಟರ್ ಆಸುಪಾಸಿನ ರನ್‌ವೇ ಸಾಕು ಇದಕ್ಕೆ. ಒಳಗೆ ನಡೆಯಕ್ಕೆ ದಾರಿ ಇಲ್ಲ, ಹಳೇ ಅಂಬಾಸಿಡರ್ ಕಾರಿಗೆ ಹತ್ತಿದ ಹಾಗೆ ಪಕ್ಕದ ಬಾಗಿಲು ತೆಗೆದು ಬೆಂಚ್ ಸೀಟಿಗೆ ಜರುಗಬೇಕು. ಮಂಡಿನೋವು ಇರೋರನ್ನ ಕರ್ಕೊಂಡು ಹೋದ್ರೆ ಹತ್ತುವಾಗ ಹಿಂದೆ ಒಬ್ಬರು ನಿಂತ್ಕೊಳಿ. ಪೈಲಟ್‌ಗೂ ನಮಗೂ ಮಧ್ಯೆ ಬಾಗಿಲಿಲ್ಲ ಗೋಡೆ ಇಲ್ಲ. ಆಕೆ, ಹೌದು ಪೈಲಟ್ ಹೆಂಗಸು, ನನಗಿಂತ ಚಿಕ್ಕವಳಿರಬೇಕು, ಸೀಟಿಂದ ಹಿಂದೆ ತಿರುಗಿ ಲೈಫ್ ಜಾಕೆಟ್ ಎಲ್ಲಿದೆ, ಬಾಗಿಲು ಹೆಂಗೆ ತೆಗೀಬೇಕು ಅಂತ ನಮ್ಮ ಮುಖ ನೋಡಿ ಹೇಳಿ, ಎಲ್ಲರ ಬೆಲ್ಟೂ ಕಣ್ಣಲ್ಲೇ ನೋಡಿ, ಮುಂದೆ ತಿರುಗಿ ಇಂಜಿನ್ ಶುರು ಮಾಡಿದ್ರು. ಅಪ್ಪ ನನ್ನ ಕಿವಿಗೆ ಬಾಯಿ ಹಚ್ಚಿ, "ರೈಟ್ ಅನ್ನಕ್ಕೆ ಯಾರೂ ಇಲ್ವಲ್ಲ ಪುಟ್ಟಿ" ಅಂದ್ರು. ಡ್ರೈವರ್, ಕಂಡಕ್ಟರ್ ಎಲ್ಲ ಆಕೆಯೇ.

ಇಲ್ಲಿಂದ ಅಪ್ಪನ ಎಚ್‌ಎಂಟಿ ವಾಚಿನ ಕೆಲಸ. ಮದುವೆಗೆ ಅಜ್ಜ ಕೊಡಿಸಿದ್ದು, ಬೆಳಗ್ಗೆ ಕೀಲಿ ಕೊಡದೆ ಅಪ್ಪ ಕಾಫಿ ಕುಡಿಯಲ್ಲ. ಚಕ್ರ ನೆಲ ಬಿಟ್ಟಾಗ ಒಂದು ಸಲ, ನೆಲ ಮುಟ್ಟಿದಾಗ ಒಂದು ಸಲ, ಅಷ್ಟೇ ಲೆಕ್ಕ, ರನ್‌ವೇಯಲ್ಲಿ ಓಡೋದು ಸೇರಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ವಿ. ಗಾಳಿ ಪಶ್ಚಿಮದಿಂದ ಬೀಸ್ತಿತ್ತು. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗೇ ಏರತ್ತೆ, ಎದುರಾಗೇ ಇಳಿಯತ್ತೆ, ಆದ್ರೆ ಪಾಪಾ ವೆಸ್ಟ್ರೇ ಇರೋದು ವೆಸ್ಟ್ರೇಯ ಪೂರ್ವಕ್ಕೆ. ಹಂಗಾಗಿ ನಾವು ಹೋಗಬೇಕಾದ ಊರಿಗೆ ಬೆನ್ನು ಹಾಕಿ ಹಾರಿದ್ವಿ. ನೆಲ ಬಿಡ್ತು, ಕೆಳಗೆ ಕಡಲು, ತಕ್ಷಣ ರೆಕ್ಕೆ ವಾಲಿಸಿ ಪೂರ್ತಿ ಹಿಂದಕ್ಕೆ ತಿರುಗಿದ್ವಿ, ಕಿಟಕಿ ತುಂಬಾ ನೀರೇ ಕಾಣ್ತಿತ್ತು, ತಿಳಿ ಹಸಿರು, ತಳದ ಮರಳು ಕಾಣೋ ಅಷ್ಟು ತಿಳಿ, ನಾವು ಏರಿದ ರನ್‌ವೇ ಪಕ್ಕದಲ್ಲೇ ಹಾದುಹೋಯ್ತು, ಆಮೇಲೆ ಇನ್ನೊಂದು ದಡ, ಕಲ್ಲಿನ ಬೇಲಿಗಳು, ಮತ್ತೆ ಒಂದು ತಿರುವು, ಚಕ್ರ ಜಲ್ಲಿ ಮೇಲೆ ಕರಕರ ಅಂತು. 1 ನಿಮಿಷ 42 ಸೆಕೆಂಡ್. ಅಪ್ಪ ವಾಚು ನನ್ನ ಮುಖದ ಹತ್ರ ತಂದು ತೋರಿಸಿದ್ರು.

ಮಾರನೇ ದಿನ ವಾಪಸ್ ಬರ್ತಾ ಇದೇ ದಾರಿ ಉಲ್ಟಾ. ಗಾಳಿ ಅದೇ ಪಶ್ಚಿಮದ್ದು. ಈ ಸಲ ಪಶ್ಚಿಮಕ್ಕೆ ಮುಖ ಮಾಡಿ ಏರಿ, ಎದುರಿಗೇ ಕಾಣೋ ವೆಸ್ಟ್ರೇಯಲ್ಲಿ ಹೆಚ್ಚುಕಮ್ಮಿ ಗೆರೆ ಎಳೆದ ಹಾಗೆ ಹೋಗಿ ಇಳಿದ್ವಿ. 1 ನಿಮಿಷ 8 ಸೆಕೆಂಡ್. ಅದೇ ದೂರ, ಅದೇ ವಿಮಾನ, ಅರ್ಧ ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ. ಇಲ್ಲಿ ಟೈಮು ನಿರ್ಧಾರ ಆಗೋದು ಕಿಲೋಮೀಟರಿಂದ ಅಲ್ಲ, ಗಾಳಿಯ ದಿಕ್ಕಿಂದ. ಈ ರೂಟಿನ ದಾಖಲೆ 53 ಸೆಕೆಂಡು, ಪೈಲಟ್ ಸ್ಟುವರ್ಟ್ ಲಿಂಕ್‌ಲೇಟರ್ ಅವರದ್ದು. 2013ರಲ್ಲಿ ನಿವೃತ್ತರಾಗೋ ಹೊತ್ತಿಗೆ ಈ ಒಂದೇ ದಾರೀಲಿ 12,000ಕ್ಕೂ ಜಾಸ್ತಿ ಸಲ ಹಾರಿದ್ರಂತೆ. ಅಪ್ಪಂಗೆ ಇದನ್ನ ಹೇಳಿದಾಗ ಸುಮಾರು ಹೊತ್ತು ಸುಮ್ಮನಿದ್ದು, "ಲಾಂಚಿಗೆ ನಾನು ಎಷ್ಟು ಸಲ ಬಸ್ ಹತ್ತಿಸಿರಬಹುದು, ಅವತ್ತು ಯಾರೂ ಬರ್ದಿಡ್ಲಿಲ್ಲ" ಅಂದ್ರು. ದಿನಕ್ಕೆ ನಾಲ್ಕು ಸಲ ಅಂತ ಇಟ್ಕೊಂಡು ಲೆಕ್ಕ ಹಾಕಿದ್ವಿ, ವಾರದ ರಜೆ, ಹಬ್ಬ, ಲಾಂಚ್ ಕೆಟ್ಟ ದಿನ ಎಲ್ಲ ಕಳೆದ್ರೂ ಮೂವತ್ತು ಸಾವಿರದ ಹತ್ತಿರ ಬಂತು.

ಈಗ ನನ್ನ ಮುಖ್ಯ ಮಾತು. ಈ ಫ್ಲೈಟ್ ಬಗ್ಗೆ ಓದಿದ ರಿವ್ಯೂಗಳಲ್ಲಿ ಮುಕ್ಕಾಲು ಪಾಲು ಜನ ಹೋಗಿದ್ದು, ಅಲ್ಲಿ ಇಳಿದು ಒಂದು ಫೋಟೋ, ಮುಂದಿನ ಟ್ರಿಪ್ಪಲ್ಲೇ ವಾಪಸ್. ಕೆಲವರು ವಿಮಾನದಿಂದ ಇಳಿಯೋದೂ ಇಲ್ಲ. ಪ್ರಯಾಣಿಕರಿಗೆ ಒಂದು ಸರ್ಟಿಫಿಕೇಟ್ ಕೊಡ್ತಾರೆ, ಅದು ನಮಗೂ ಸಿಕ್ತು, ಚೆನ್ನಾಗಿದೆ, ಅಪ್ಪ ಫ್ರೇಮ್ ಹಾಕಿಸಿದ್ದಾರೆ. ಆದ್ರೆ ದಯವಿಟ್ಟು ಅಷ್ಟಕ್ಕೇ ಹೋಗಬೇಡಿ. ಇದು ಜೈಂಟ್ ವೀಲ್ ಅಲ್ಲ, ಆ ಊರಿನ ಬಸ್ಸು. ಪಾಪಾ ವೆಸ್ಟ್ರೇಯಲ್ಲಿ, ಅಲ್ಲಿನವರು ಪಾಪೇ ಅಂತಾರೆ, ಇರೋದು ತೊಂಬತ್ತು ಜನದ ಆಸುಪಾಸು. ಬೇರೆ ದ್ವೀಪದಿಂದ ಬಂದು ಪಾಠ ಮಾಡೋ ಮೇಷ್ಟ್ರು, ಕರ್ಕ್‌ವಾಲ್‌ನ ಬಾಲ್‌ಫರ್ ಆಸ್ಪತ್ರೆಗೆ ಹೋಗೋ ವಯಸ್ಸಾದವರು, ಇವರೆಲ್ಲ ಹತ್ತೋದು ಈ ಎಂಟು ಸೀಟಿಗೇ. ಆರ್ಕ್ನಿ ಕೌನ್ಸಿಲ್ ದುಡ್ಡು ಹಾಕಿ ನಡೆಸ್ತಿರೋ ಸೇವೆ, ಟಿಕೆಟ್ ದುಡ್ಡಲ್ಲೇ ಇದು ನಡೆಯಲ್ಲ. ನಮ್ಮ ಜೊತೆ ಬಂದ ಒಬ್ಬ ಅಜ್ಜಿ ಕೈಯಲ್ಲಿ ಔಷಧಿ ಚೀಲ ಹಿಡ್ಕೊಂಡು ಕೂತಿದ್ರು, ಎರಡು ನಿಮಿಷವೂ ಕಿಟಕಿ ಕಡೆ ನೋಡ್ಲೇ ಇಲ್ಲ. ತುಮರಿಯವರೂ ಹಂಗೇ, ಸಿಗಂದೂರಿಗೆ ಬಂದವರು ಲಾಂಚಿನ ಕಂಬಿ ಹಿಡ್ಕೊಂಡು ಫೋಟೋ ತೆಗೀತಿದ್ರೆ ನಮ್ಮೂರ ಹೆಂಗಸರು ಚೀಲ ಕಾಲಿನ ಮಧ್ಯೆ ಇಟ್ಕೊಂಡು ದಡ ಯಾವಾಗ ಬರತ್ತೋ ಅಂತ ಕೂತಿರ್ತಿದ್ರು.

ಪಾಪೇಲಿ ಒಂದು ರಾತ್ರಿಯಾದ್ರೂ ಇರಿ. ಊರಿನವರೇ ಸೇರಿ ನಡೆಸೋ ಸಹಕಾರಿ ಸಂಘದ ಅಂಗಡಿ, ಅದರ ಜೊತೆಗೇ ಹಾಸ್ಟೆಲ್ ಇದೆ, ಅಡುಗೆಮನೆ ಇದೆ. ಅಪ್ಪ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ, ಅನ್ನ, ಅಂಗಡೀಲಿ ತಗೊಂಡ ಮೊಸರು, ಅಷ್ಟೇ ನಮ್ಮ ಊಟ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಾದ್ರೂ ಸೂರ್ಯ ಮುಳುಗಿರಲ್ಲ, ಹನ್ನೊಂದು ಗಂಟೆಗೂ ಪುಸ್ತಕ ಓದೋ ಅಷ್ಟು ಬೆಳಕು. ಅಪ್ಪ ನಿದ್ದೆ ಬರ್ದೆ ರಸ್ತೇಲಿ ಓಡಾಡ್ತಿದ್ರು.

ಉತ್ತರದ ಗುಡ್ಡದಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ಗೂಡು ಮಾಡಿರ್ತವೆ, ಹತ್ತಿರ ಹೋದ್ರೆ ತಲೆ ಮೇಲೇ ಎರಗ್ತವೆ, ಛತ್ರಿಯನ್ನೋ ಕೋಲನ್ನೋ ತಲೆಗಿಂತ ಎತ್ತರಕ್ಕೆ ಹಿಡ್ಕೊಳಿ. ಅಂಟಾರ್ಕ್ಟಿಕಾದ ತನಕ ಹೋಗಿ ವಾಪಸ್ ಇದೇ ಗುಡ್ಡಕ್ಕೆ ಬರೋ ಹಕ್ಕಿ ಅದು. ಅಲ್ಲೇ ಗ್ರೇಟ್ ಆಕ್ ಅನ್ನೋ, ಹಾರಕ್ಕೆ ಬರದ ದೊಡ್ಡ ಹಕ್ಕಿಯ ನೆನಪಿನ ಕಲ್ಲಿದೆ, ಆರ್ಕ್ನಿಯ ಕೊನೇದನ್ನ 1813ರಲ್ಲಿ ಇಲ್ಲೇ ಹೊಡೆದು ಹಾಕಿದ್ರು.

ಆದ್ರೆ ನಾನು ಇಷ್ಟೆಲ್ಲ ಬರೀತಿರೋದು ನ್ಯಾಪ್ ಆಫ್ ಹೌವರ್‌ಗಾಗಿ. ಪಶ್ಚಿಮದ ದಡದಲ್ಲಿ, ವೆಸ್ಟ್ರೇ ಕಡೆ ಮುಖ ಮಾಡ್ಕೊಂಡು, ಅಂಟಿಕೊಂಡಿರೋ ಎರಡು ಕಲ್ಲಿನ ಮನೆ. ಉತ್ತರ ಯೂರೋಪಲ್ಲಿ ಇನ್ನೂ ಗೋಡೆ ನಿಂತಿರೋ ಮನೆಗಳಲ್ಲಿ ಅತಿ ಹಳೇವು ಅಂತಾರೆ, ಕ್ರಿಸ್ತಪೂರ್ವ 3700ರ ಸುಮಾರಿನವು, ಅಂದ್ರೆ ಈಜಿಪ್ಟಿನ ಪಿರಮಿಡ್‌ಗಿಂತ ಸಾವಿರ ವರ್ಷಕ್ಕೂ ಹಿಂದೆ. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ, ಹೊಲ ದಾಟಿ ಹೋಗೋದು, ಬಗ್ಗಿ ಒಳಗೆ ನುಗ್ಗೋದು. ಬಾಗಿಲು ಎಷ್ಟು ಗಿಡ್ಡ ಅಂದ್ರೆ ಅಪ್ಪ ಹೆಚ್ಚುಕಮ್ಮಿ ಕೂತ್ಕೊಂಡೇ ಒಳಗೆ ಬಂದ್ರು. ಚಪ್ಪಡಿ ನಿಲ್ಲಿಸಿ ಕೋಣೆ ಭಾಗ ಮಾಡಿದ್ದಾರೆ, ಗೋಡೇಲಿ ಗೂಡು ಬಿಟ್ಟಿದ್ದಾರೆ ಸಾಮಾನು ಇಡಕ್ಕೆ, ಒಂದು ಮನೆಯಿಂದ ಇನ್ನೊಂದಕ್ಕೆ ಒಳಗಿಂದಲೇ ದಾರಿ. ನೆಲದಲ್ಲಿ ಕಾಳು ಅರೆಯೋ ಕಲ್ಲು ಇನ್ನೂ ಹಂಗೇ ಇದೆ, ಅರೆದು ಅರೆದು ಮಧ್ಯೆ ಸವೆದು ಗುಳಿ ಬಿದ್ದಿದೆ. ಅಪ್ಪ ಆ ಗುಳಿಯಲ್ಲಿ ಅಂಗೈ ಇಟ್ಟು ನೋಡಿದ್ರು, ಅಮ್ಮನ ಒರಳೂ ಇಷ್ಟೇ ಸವೆದಿತ್ತು ಅಂದ್ರು. ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಹೊರಗೆ ಗಾಳಿ ಹೊಡೀತಿತ್ತು, ಒಳಗೆ ಒಂದಿಷ್ಟೂ ಇಲ್ಲ, ನಾವಿಬ್ಬರೂ ಚಪ್ಪಡಿಗೆ ಒರಗಿ ಸುಮಾರು ಹೊತ್ತು ಕೂತಿದ್ವಿ.

ಆ ಮನೆ ಕಟ್ಟಿದ ಕಾಲಕ್ಕೆ ಸಮುದ್ರ ಇಷ್ಟು ಹತ್ತಿರ ಇರ್ಲಿಲ್ಲವಂತೆ, ಪಾಪೇ, ವೆಸ್ಟ್ರೇ ಎರಡೂ ಒಂದೇ ನೆಲವಾಗಿದ್ದಿರಬಹುದು ಅಂತ ಸಂಶೋಧಕರು ಹೇಳ್ತಾರೆ. ಅಂದ್ರೆ ನಾವು 1 ನಿಮಿಷ 42 ಸೆಕೆಂಡಲ್ಲಿ ಹಾರಿ ಬಂದ ದೂರವನ್ನ ಆ ಮನೆಯವರು ನಡ್ಕೊಂಡು ಹೋಗ್ತಿದ್ರೇನೋ, ನೀರು ಬಂದ ಮೇಲೆ ದೂರ ಆಯ್ತು. ಇದನ್ನ ಅಪ್ಪಂಗೆ ಹೇಳಿದಾಗ ಅವರು ವೆಸ್ಟ್ರೇ ಕಡೇನೇ ನೋಡ್ತಾ, "ನಮ್ಮಲ್ಲೂ ಅಷ್ಟೇ ಅಲ್ದಾ, ಲಿಂಗನಮಕ್ಕಿ ನೀರು ನಿಂತ ಮೇಲೇ ನಾವು ಆಚೆ ದಡದವರಾಗಿದ್ದು, ನನ್ನಪ್ಪ ಸಾಗರಕ್ಕೆ ಗಾಡಿ ಹೊಡ್ಕಂಡು ಹೋಗ್ತಿದ್ದ" ಅಂದ್ರು. ಡ್ಯಾಮು ಮುಗಿದಿದ್ದು 1964ರಲ್ಲಿ, ಅಪ್ಪಂಗೆ ಆಗ ಆರು ವರ್ಷ.

ಸೇವೆಯ ವಿಷಯಕ್ಕೆ ಬಂದ್ರೆ ಇನ್ನೆರಡು ಮಾತು. ಬೇಸಿಗೇಲಿ ಕಡಲಿಂದ ಮಂಜು ಎದ್ದು ಬರತ್ತೆ, ಹಾರ್ ಅಂತಾರೆ, ಅದು ಬಂದ್ರೆ ರನ್‌ವೇ ಕಾಣಲ್ಲ, ವಿಮಾನ ಬರಲ್ಲ, ಚಳಿಗಾಲದಲ್ಲಿ ಗಾಳಿ. ನಮಗೆ ಎರಡೂ ದಿನ ಆಕಾಶ ತಿಳಿಯಾಗಿತ್ತು, ಆದ್ರೂ ನಾನು ಅಬರ್ಡೀನಿಗೆ ವಾಪಸ್ ಹೋಗೋ ಹಡಗನ್ನ ಎರಡು ದಿನ ಬಿಟ್ಟೇ ಬುಕ್ ಮಾಡಿದ್ದೆ, ನೀವೂ ಹಂಗೇ ಮಾಡಿ. ವಿಮಾನ ಸಿಗ್ಲಿಲ್ಲ ಅಂದ್ರೆ ಪಿಯರೋವಾಲ್‌ನಿಂದ ಪಾಪೇಗೆ ಜನರನ್ನ ಮಾತ್ರ ಸಾಗಿಸೋ ಚಿಕ್ಕ ದೋಣಿ ಇದೆ, 25 ನಿಮಿಷ ಹತ್ರ ಆಗತ್ತೆ. ಬ್ಯಾಗು ಚಿಕ್ಕದಿರ್ಲಿ, ಟ್ರಾಲಿ ಸೂಟ್‌ಕೇಸ್ ಕರ್ಕ್‌ವಾಲ್‌ನಲ್ಲಿ ಎಲ್ಲಾದ್ರೂ ಇಟ್ಟು ಬನ್ನಿ. ಇಂಜಿನ್ ಸದ್ದು ಜೋರು, ಚಿಕ್ಕ ಮಕ್ಕಳಿದ್ರೆ ಕಿವಿಗೆ ಹತ್ತಿ. ಪೈಲಟ್ ಪಕ್ಕದ ಸೀಟು ಸಿಕ್ಕಿದ್ರೆ ಬಿಡಬೇಡಿ. ವಾಪಸ್ ಬರೋವಾಗ ಅಪ್ಪಂಗೆ ಸಿಕ್ತು, ಮುಂದಿನ ಗಾಜಲ್ಲಿ ವೆಸ್ಟ್ರೇ ರನ್‌ವೇ ದೊಡ್ಡದಾಗ್ತಾ ಬರೋದು ನೋಡ್ತಾ ಕೂತಿದ್ರು, ಇಳಿದ ತಕ್ಷಣ ಹಿಂದೆ ತಿರುಗಿ ನನಗೆ ಬೆರಳಲ್ಲಿ ಒಂದು, ಎಂಟು ಅಂತ ತೋರಿಸಿದ್ರು.

ಅಪ್ಪ ಹೇಳೋ ಇನ್ನೊಂದು ಲೆಕ್ಕ ಇದೆ, ಅದನ್ನ ನಾನು ಒಪ್ತೀನಿ. ಲಾಂಚಲ್ಲಿ ನೀರು ದಾಟೋ ಟೈಮ್ ಯಾರೂ ಎಣಿಸ್ತಿರ್ಲಿಲ್ಲ, ದಡದಲ್ಲಿ ಕಾದ ಟೈಮೇ ಲೆಕ್ಕ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನ ಕರ್ಕೊಂಡು ಕೊನೇ ಲಾಂಚ್ ಹೋದ ಮೇಲೆ ದಡಕ್ಕೆ ಬಂದವರನ್ನ ಅಪ್ಪ ನೋಡಿದ್ದಾರೆ. ಆಚೆ ದಡ ಕಣ್ಣಿಗೆ ಕಾಣ್ತಿರತ್ತೆ, ದೀಪಾನೂ ಕಾಣತ್ತೆ. ಹಂಗಾಗಿ ಯಾರಾದ್ರೂ ಎರಡು ನಿಮಿಷಕ್ಕೆ ವಿಮಾನ ಯಾಕೆ, ದುಡ್ಡು ದಂಡ ಅಂದ್ರೆ ಅಪ್ಪಂಗೆ ಸಿಟ್ಟು ಬರತ್ತೆ. ಹಾಸ್ಟೆಲ್‌ನಲ್ಲಿ ಒಬ್ಬರು ಬೇರೆ ದೇಶದ ಟೂರಿಸ್ಟ್ ಹಂಗೆ ಅಂದಾಗ ನನ್ನಿಂದ ಇಂಗ್ಲಿಷಿಗೆ ಹೇಳಿಸಿದ್ರು, ಎರಡು ನಿಮಿಷ ಅಂತ ನೋಡಬೇಡಿ, ಅದು ಇಲ್ಲದಿದ್ರೆ ಎಷ್ಟು ಹೊತ್ತು ಅಂತ ನೋಡಿ ಅಂತ.

ಅಪ್ಪ ಊರಿಗೆ ಹೋದ ಸ್ವಲ್ಪ ದಿನಕ್ಕೇ, ಜುಲೈ 14ಕ್ಕೆ, ನಮ್ಮ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. 2.44 ಕಿಲೋಮೀಟರ್, ನಮ್ಮ ವಿಮಾನದ ದೂರಕ್ಕಿಂತ ಸ್ವಲ್ಪವೇ ಕಡಿಮೆ. ಬಸ್ಸಲ್ಲಿ ದಾಟಿ ಆಚೆಯಿಂದಲೇ ಫೋನ್ ಮಾಡಿದ್ರು, ವಾಚು ನೋಡಿದ್ರಾ ಅಂತ ಕೇಳಿದೆ, "ನೋಡ್ದೆ, ನಾಲ್ಕು ನಿಮಿಷನೂ ಆಗ್ಲಿಲ್ಲ, ಗಾಳಿ ಯಾವ ಕಡೆ ಇದ್ರೂ ಒಂದೇ" ಅಂದ್ರು. ಆಮೇಲಿಂದ ವಾರಕ್ಕೊಮ್ಮೆ ಫೋನಲ್ಲಿ ಇಲ್ಲಿನ ಹವಾಮಾನ ಕೇಳ್ತಾರೆ, ಜೋರು ಗಾಳಿ ಅಪ್ಪಾ ಅಂದ್ರೆ ಸಾಕು, "ಪಾಪೇಗೆ ಇವತ್ತು ವಿಮಾನ ಬಂತೇನೋ ಇಲ್ವೇನೋ, ನೋಡಿ ಹೇಳು ಪುಟ್ಟಿ" ಅಂತಾರೆ, ನಾನು ನೋಡಿ ಹೇಳ್ತೀನಿ.